ಅಮೆರಿಕದಲ್ಲಿ ಬಾಡಿಗೆ ಕಾರು: ಕೌಂಟರ್‌ನಲ್ಲಿ ಕೇಳುವ ಇನ್ಶೂರೆನ್ಸ್‌ಗಳಲ್ಲಿ ನಿಮಗೆ ಯಾವುದು ಬೇಕು, ಯಾವುದು ಬೇಡ

ಕಳೆದ ವರ್ಷ ಮೇ ತಿಂಗಳಲ್ಲಿ ತಂಗಿಯ ಗಂಡ ಲಾಸ್ ಏಂಜಲೀಸ್ ಏರ್‌ಪೋರ್ಟಿನಿಂದ ಫೋನ್ ಮಾಡಿದರು. ಬೆಂಗಳೂರಿನ ಮನೆ ಬಿಟ್ಟು ಇಪ್ಪತ್ತೇಳು ಗಂಟೆ ಆಗಿತ್ತು, ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು. "ಭಾವ, ದಿನಕ್ಕೆ 42 ಡಾಲರ್ ಅಂತ ಕಾರು ಬುಕ್ ಮಾಡಿದ್ದೆ. ಇಲ್ಲಿ ಕೌಂಟರ್‌ನಲ್ಲಿ ನಾಲ್ಕು ಥರ ಇನ್ಶೂರೆನ್ಸ್ ಸೇರಿಸಿ 105 ಅಂತಿದಾರೆ. ತಗೊಳ್ಲಾ, ಬೇಡ್ವಾ?" ಅವರ ಹಿಂದೆ ಹತ್ತು ಹನ್ನೆರಡು ಜನ ಸಾಲಿನಲ್ಲಿ ನಿಂತಿದ್ದರಂತೆ. ಎರಡು ನಿಮಿಷದಲ್ಲಿ ಉತ್ತರ ಹೇಳಬೇಕು.

ಎರಡು ನಿಮಿಷದಲ್ಲಿ ತೀರ್ಮಾನ ಮಾಡುವ ವಿಷಯ ಅಲ್ಲ ಇದು. ನಾನು ಕ್ಯಾಲಿಫೋರ್ನಿಯಾಗೆ ಬಂದು ಹದಿನಾಲ್ಕು ವರ್ಷ ಆಯಿತು, ಬೇಸಿಗೆ ಬಂತು ಅಂದರೆ ಇದೇ ಪ್ರಶ್ನೆ ಹತ್ತಾರು ಜನ ಕೇಳುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಏಳು ಸೀಟಿನ ಗಾಡಿ ಬೇಕು ಅನ್ನುವವರು. ಎಚ್-1ಬಿ ಮೇಲೆ ಈಗಷ್ಟೇ ಬಂದಿಳಿದವರು. ಓದಲು ಬಂದ ಹುಡುಗರು. ಎಲ್ಲರ ಪ್ರಶ್ನೆಯೂ ಒಂದೇ: ಕಾರಿಗೆ ಗೀರು ಬಿದ್ದರೆ, ಡೆಂಟ್ ಆದರೆ ಏನು ಗತಿ? ನಾನು ಯಾರಿಗಾದರೂ ಗುದ್ದಿಬಿಟ್ಟರೆ ಏನು ಗತಿ ಅಂತ ಒಬ್ಬರೂ ಕೇಳಿದ್ದಿಲ್ಲ. ನಿಜವಾಗಿ ಹೆದರಬೇಕಾದ್ದು ಅದಕ್ಕೆ.

ನಾವು ಹೀಗೆ ಯೋಚಿಸುವುದಕ್ಕೆ ಕಾರಣ ಇದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ, ಕೋರ್ಟ್ ಎಷ್ಟು ಪರಿಹಾರ ಹೇಳುತ್ತದೋ ಅಷ್ಟನ್ನೂ ಇನ್ಶೂರೆನ್ಸ್ ಕಂಪನಿ ಕಟ್ಟುತ್ತದೆ. ಇಷ್ಟೇ ಅಂತ ಮಿತಿ ಇಲ್ಲ. ಆ ಭಾಗದ ಬಗ್ಗೆ ತಲೆ ಕೆಡಿಸಿಕೊಳ್ಳುವ ಸಂದರ್ಭವೇ ಬರುವುದಿಲ್ಲ, ಹಾಗಾಗಿ ಇನ್ಶೂರೆನ್ಸ್ ಅಂದರೆ ನಮಗೆ ಬಂಪರ್, ಬಾಗಿಲು, ಪೇಂಟ್ ಅಷ್ಟೇ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಕಾನೂನು ಕೇಳುವುದು ಒಂದು ಕನಿಷ್ಠ ಮೊತ್ತ ಮಾತ್ರ, ಅದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಕೊನೆಯವರೆಗೆ ಪೆಟ್ಟಾದ ಒಬ್ಬರಿಗೆ 15,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 30,000, ಆಸ್ತಿ ಹಾನಿಗೆ ಬರೀ 5,000 ಇತ್ತು. 2025ರ ಜನವರಿ 1ರಿಂದ ಅದು 30,000, 60,000, 15,000 ಆಗಿದೆ. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದವರಿಗೆ 30,000 ಎಷ್ಟು ಬೇಗ ಕರಗುತ್ತದೆ ಅಂತ ಗೊತ್ತು. ಮೂಳೆ ಮುರಿದು ಒಂದು ಆಪರೇಷನ್ ಆದರೆ ಸಾಕು. ಅದರ ಮೇಲಿನದ್ದು ನಿಮ್ಮ ತಲೆಗೆ ಬರುತ್ತದೆ.

ಕಾರು ಬಾಡಿಗೆ ಕಂಪನಿಯದ್ದಲ್ವಾ, ಅವರೂ ಜವಾಬ್ದಾರರಲ್ವಾ ಅಂತ ಕೇಳಬಹುದು. ಹಿಂದೆ ಕೆಲವು ರಾಜ್ಯಗಳಲ್ಲಿ ಗಾಡಿಯ ಮಾಲೀಕರು ಅಂತ ಅವರನ್ನೂ ಕೋರ್ಟಿಗೆ ಎಳೆಯಬಹುದಿತ್ತು. 2005ರಲ್ಲಿ ಗ್ರೇವ್ಸ್ ಅಮೆಂಡ್‌ಮೆಂಟ್ ಅನ್ನುವ ಫೆಡರಲ್ ಕಾನೂನು ಬಂದ ಮೇಲೆ ಅದು ಮುಗಿಯಿತು. ಓಡಿಸಿದವರ ತಪ್ಪಿಗೆ, ಬರೀ ಮಾಲೀಕ ಅನ್ನುವ ಕಾರಣಕ್ಕೆ ಬಾಡಿಗೆ ಕಂಪನಿ ದುಡ್ಡು ಕಟ್ಟಬೇಕಾಗಿಲ್ಲ. ಪೆಟ್ಟು ತಿಂದವರ ವಕೀಲರು ಹುಡುಕಿಕೊಂಡು ಬರುವುದು ಸ್ಟಿಯರಿಂಗ್ ಹಿಡಿದಿದ್ದ ನಿಮ್ಮನ್ನೇ.

ಆದ್ದರಿಂದ ಇನ್ಶೂರೆನ್ಸ್ ಬೇಕಾ ಬೇಡವಾ ಅಂತ ಒಟ್ಟಾಗಿ ಕೇಳಬೇಡಿ. ಮೂರು ಬಾಬ್ತು ಮಾಡಿಕೊಳ್ಳಿ. ಒಂದು, ನಿಮಗೆ ಕೊಟ್ಟ ಕಾರು. ಎರಡು, ನೀವು ಗುದ್ದಿದ ಜನ ಮತ್ತು ಅವರ ಗಾಡಿ. ಮೂರು, ಕಾರಿನೊಳಗೆ ಕೂತ ನೀವು ಮತ್ತು ನಿಮ್ಮ ಸಾಮಾನು. ಕೌಂಟರ್‌ನಲ್ಲಿ ಏನೇ ಹೆಸರು ಹೇಳಲಿ, ಅದು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಅಂತ ನೋಡಿ. ಆ ಬಾಬ್ತಿಗೆ ನಿಮ್ಮ ಹತ್ತಿರ ಈಗಾಗಲೇ ಏನಾದರೂ ಇದೆಯಾ ಅಂತ ನೋಡಿ.

ಮನೆಯಲ್ಲೇ ಕೇಳಿಕೊಳ್ಳಬೇಕಾದ್ದು

ಅಮೆರಿಕದಲ್ಲಿ ನಿಮ್ಮದೇ ಕಾರಿದೆಯಾ? ಇದ್ದರೆ ಪಾಲಿಸಿಯ ಮೊದಲ ಪುಟ ತೆಗೆಯಿರಿ. ಬರೀ ಲಯಬಿಲಿಟಿ, ಅಂದರೆ ಬೇರೆಯವರಿಗೆ ಆದ ಹಾನಿಯ ಕವರ್, ಇದೆಯಾ? ಇಲ್ಲ ಡಿಕ್ಕಿಯಲ್ಲಿ ನಿಮ್ಮ ಕಾರಿಗೆ ಆದ ಹಾನಿಗೆ ಕೊಡುವ ಕೊಲಿಷನ್, ಕಳ್ಳತನದಂಥ ಬೇರೆ ನಷ್ಟಕ್ಕೆ ಕೊಡುವ ಕಾಂಪ್ರೆಹೆನ್ಸಿವ್ ಕೂಡ ಇದೆಯಾ? ಡಿಡಕ್ಟಬಲ್ ಎಷ್ಟು, ಅಂದರೆ ಮೊದಲು ನಿಮ್ಮ ಜೇಬಿನಿಂದ ಎಷ್ಟು ಹೋಗಬೇಕು? ಹಳೇ ಕಾರು ಅಂತ ಕೊಲಿಷನ್ ತೆಗೆಸಿ ಹಾಕಿ ಮರೆತವರು ಬಹಳ ಜನ ಇದ್ದಾರೆ. ನಿಮ್ಮ ಕಾರಿಗೇ ಇಲ್ಲದ ಕವರ್ ಬಾಡಿಗೆ ಕಾರಿಗೆ ಬರುವುದಿಲ್ಲ.

ಯಾವ ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಕಟ್ಟುತ್ತೀರಿ? ಅದರಲ್ಲಿ ಬಾಡಿಗೆ ಕಾರಿನ ಕವರ್ ಇದ್ದರೆ ಅದು ಪ್ರೈಮರಿಯಾ, ಸೆಕೆಂಡರಿಯಾ? ಎರಡರ ವ್ಯತ್ಯಾಸ ಮುಂದೆ ಹೇಳುತ್ತೇನೆ.

ಯಾರ್ಯಾರು ಓಡಿಸುತ್ತಾರೆ, ಎಲ್ಲಿಗೆ, ಎಷ್ಟು ದಿನ, ಎಂಥ ಗಾಡಿ? ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕ್ಲೇಮ್ ತಿರಸ್ಕಾರ ಆಗುವುದು ಮಾತ್ರ ಹೆಚ್ಚಾಗಿ ಇಲ್ಲೇ.

ಇನ್ನೊಂದು ದುಡ್ಡಿನ ಪ್ರಶ್ನೆ. ಎರಡು ಮೂರು ಸಾವಿರ ಡಾಲರ್ ಕೈಯಿಂದ ಕಟ್ಟಿ, ನಾಲ್ಕು ತಿಂಗಳು ಕಾಗದ ಪತ್ರ ಓಡಾಡಿಸಿ ವಾಪಸ್ ಪಡೆಯುವಷ್ಟು ತಾಳ್ಮೆ, ಅನುಕೂಲ ನಿಮಗಿದೆಯಾ? ಇಲ್ಲ ಅಂದರೆ ಅದರಲ್ಲಿ ಸಂಕೋಚ ಪಡುವುದು ಏನೂ ಇಲ್ಲ. ರಜೆಗೆ ಬಂದವರಿಗೆ ನೆಮ್ಮದಿಯೂ ದುಡ್ಡು ಕೊಟ್ಟು ಕೊಳ್ಳುವಂಥದ್ದೇ. ಅದಕ್ಕೆ ಎಷ್ಟು ಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು, ಅಷ್ಟೇ.

ಕಂಪನಿಯ ಡ್ಯಾಮೇಜ್ ವೇವರ್

ಕೌಂಟರ್‌ನಲ್ಲಿ ಮೊದಲು ಹೇಳುವುದು ಇದನ್ನೇ. ಸಿಡಿಡಬ್ಲ್ಯೂ, ಎಲ್‌ಡಿಡಬ್ಲ್ಯೂ ಅಂತ ಹೆಸರು. ಕಾನೂನಿನ ಲೆಕ್ಕದಲ್ಲಿ ಇದು ಇನ್ಶೂರೆನ್ಸ್ ಅಲ್ಲ. ಕಾರಿಗೆ ಏನಾದರೂ ಆದರೆ, ಕಳ್ಳತನ ಆದರೆ, ನಿಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ ಅಂತ ಕಂಪನಿ ಬರೆದುಕೊಡುವ ಮಾತು. ಸಾಮಾನ್ಯವಾಗಿ ದಿನಕ್ಕೆ 15ರಿಂದ 35 ಡಾಲರ್ ಆಗುತ್ತದೆ. ವಾರಕ್ಕೆ ಲೆಕ್ಕ ಹಾಕಿ: ದಿನಕ್ಕೆ 30 ಅಂದರೆ 210. ಕೆಲವು ಸಲ ಕಾರಿನ ಬಾಡಿಗೆಗಿಂತ ಇದೇ ಜಾಸ್ತಿ.

ಇದರಲ್ಲಿ ಸಿಗುವ ಅನುಕೂಲ ದೊಡ್ಡದು. ಕಾರು ಜಜ್ಜಿದರೂ ರಿಪೋರ್ಟ್ ಬರೆದುಕೊಟ್ಟು, ಕೀ ಕೊಟ್ಟು ಬರಬಹುದು. ಡಿಡಕ್ಟಬಲ್ ಇಲ್ಲ, ಅಂಚೆಯಲ್ಲಿ ಬಿಲ್ ಬರುವುದಿಲ್ಲ, ನಿಮ್ಮ ಪಾಲಿಸಿಯ ಮೇಲೆ ಕ್ಲೇಮ್ ಬೀಳುವುದಿಲ್ಲ. ಅದಕ್ಕೂ ಮುಖ್ಯವಾಗಿ, ರಿಪೇರಿ ಬಿಟ್ಟು ಮೇಲೆ ಹಾಕುವ ಬೇರೆ ಬಿಲ್‌ಗಳಿಂದಲೂ ತಪ್ಪಿಸಿಕೊಳ್ಳುತ್ತೀರಿ. ಕಾರು ಗ್ಯಾರೇಜಿನಲ್ಲಿದ್ದ ದಿನಗಳ ಬಾಡಿಗೆ ನಷ್ಟ, ಅದಕ್ಕೆ ಇಲ್ಲಿ ಲಾಸ್ ಆಫ್ ಯೂಸ್ ಅನ್ನುತ್ತಾರೆ. ರಿಪೇರಿ ಆದ ಮೇಲೂ ಕಾರಿನ ಬೆಲೆ ಇಳಿಯಿತು ಅಂತ ಒಂದು ಲೆಕ್ಕ. ಟೋಯಿಂಗ್. ಕಾಗದ ಕೆಲಸದ ಚಾರ್ಜು.

ಈ ಬಿಲ್‌ಗಳ ರುಚಿ ನನಗೆ ಗೊತ್ತಿದೆ. ಮೂರು ವರ್ಷದ ಹಿಂದೆ ಸಿಯಾಟಲ್‌ನಲ್ಲಿ ಹೋಟೆಲಿನ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಹಿಂದೆ ತೆಗೆಯುವಾಗ ಕಂಬಕ್ಕೆ ಬಾಗಿಲು ತಾಗಿತು. ಹಿಂದಿನ ಬಾಗಿಲಿನ ಮೇಲೆ ಅಂಗೈ ಉದ್ದದ ಡೆಂಟ್, ಅದರ ಮೇಲೆ ಕಂಬದ ಹಳದಿ ಬಣ್ಣ ಮೆತ್ತಿಕೊಂಡಿತ್ತು. ಬೆರಳಿಂದ ಉಜ್ಜಿದರೆ ಬಣ್ಣ ಹೋಯಿತು, ಡೆಂಟ್ ಹೋಗುತ್ತದಾ! ಐದು ವಾರದ ನಂತರ ಪತ್ರ ಬಂತು. ರಿಪೇರಿ 1,870 ಡಾಲರ್. ಒಂಬತ್ತು ದಿನದ ಬಾಡಿಗೆ ನಷ್ಟ, ದಿನಕ್ಕೆ 48ರಂತೆ 432. ಆಡಳಿತ ಶುಲ್ಕ ಅಂತ 150. ನನ್ನ ಪಾಲಿಸಿಯ ಡಿಡಕ್ಟಬಲ್ 1,000, ಹಾಗಾಗಿ ಅವರು ಕೊಟ್ಟಿದ್ದು 870. ಆ 1,000ವನ್ನು ಕಾರ್ಡಿನವರು ಕೊಟ್ಟರು. ಉಳಿದ 582 ಡಾಲರ್? ನನ್ನ ಪಾಲಿಸಿಯಲ್ಲಿ ಅದಕ್ಕೆ ಜಾಗವಿಲ್ಲ ಅಂದರು. ಕಾರ್ಡಿನವರು, ಆ ಒಂಬತ್ತು ದಿನ ಕಂಪನಿಯ ಬೇರೆ ಕಾರುಗಳೆಲ್ಲ ಬಾಡಿಗೆಗೆ ಹೋಗಿದ್ದವು ಅಂತ ತೋರಿಸುವ ದಾಖಲೆ ತನ್ನಿ ಅಂದರು. ಬಾಡಿಗೆ ಕಂಪನಿ ಅದನ್ನು ಕೊಡಲೇ ಇಲ್ಲ. ನಾಲ್ಕು ತಿಂಗಳು ಇಮೇಲ್ ಬರೆದೆ, ಕೊನೆಗೆ ನಾನೇ ಕಟ್ಟಿದೆ.

ಆ ಆರು ದಿನಕ್ಕೆ ವೇವರ್ ತಗೊಂಡಿದ್ದರೆ 168 ಡಾಲರ್ ಆಗುತ್ತಿತ್ತು. ಹಾಗಾದರೆ ಯಾವಾಗಲೂ ತಗೊಳ್ಳಬೇಕಿತ್ತಾ ಅಂತ ಲೆಕ್ಕ ಹಾಕಿ ನೋಡಿದೆ. ಅದಕ್ಕೂ ಮೊದಲು ನಾನು ಇಪ್ಪತ್ತಕ್ಕೂ ಹೆಚ್ಚು ಸಲ ವೇವರ್ ಇಲ್ಲದೆ ಕಾರು ತಗೊಂಡಿದ್ದೇನೆ. ಪ್ರತಿ ಸಲ 150 ಅಂತ ಹಿಡಿದರೂ 3,000 ಡಾಲರ್ ಉಳಿದಿದೆ. ವರ್ಷಕ್ಕೆ ಮೂರು ನಾಲ್ಕು ಸಲ ಬಾಡಿಗೆ ಕಾರು ತಗೊಳ್ಳುವವರಿಗೆ ವೇವರ್ ದುಬಾರಿಯೇ. ಜೀವನದಲ್ಲಿ ಒಂದೋ ಎರಡೋ ಸಲ ತಗೊಳ್ಳುವವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಒಂದು ಎಚ್ಚರಿಕೆ. ವೇವರ್ ಇದೆ ಅಂತ ಏನು ಮಾಡಿದರೂ ನಡೆಯುತ್ತದೆ ಅಂತಲ್ಲ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸಿದರೆ, ಕುಡಿದು ಓಡಿಸಿದರೆ, ಕೀ ಕಾರಿನಲ್ಲೇ ಬಿಟ್ಟು ಕಳ್ಳತನ ಆದರೆ, ಟಾರ್ ಇಲ್ಲದ ರಸ್ತೆಗೆ ಇಳಿಸಿದರೆ ವೇವರ್ ರದ್ದಾಗಬಹುದು. ಡೆತ್ ವ್ಯಾಲಿಗೆ ಹೋದವರಿಗೆ ರೇಸ್‌ಟ್ರ್ಯಾಕ್ ಪ್ಲಾಯಾದ ಜಾರುವ ಕಲ್ಲುಗಳನ್ನು ನೋಡುವ ಆಸೆ ಇರುತ್ತದೆ. ಅಲ್ಲಿಗೆ ಹೋಗುವ ದಾರಿ ಚೂಪುಗಲ್ಲಿನ ಮಣ್ಣು ರಸ್ತೆ, ಟೈರ್ ಹರಿಯುವುದಕ್ಕೇ ಹೆಸರಾದದ್ದು. ಸಾಮಾನ್ಯ ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಹೋಗುವುದು ಕರಾರಿಗೇ ವಿರುದ್ಧ. ಅಲ್ಲಿ ಕೆಟ್ಟು ನಿಂತರೆ ಯಾವ ಕವರೂ ಬರುವುದಿಲ್ಲ.

ನಿಮ್ಮ ಪಾಲಿಸಿ, ನಿಮ್ಮ ಕಾರ್ಡ್

ಅಮೆರಿಕದಲ್ಲಿ ಸ್ವಂತ ಕಾರಿನ ಪಾಲಿಸಿ ಇದ್ದರೆ ಅದು ಸಾಮಾನ್ಯವಾಗಿ ಸ್ವಂತ ಓಡಾಟಕ್ಕೆ ತಗೊಂಡ ಬಾಡಿಗೆ ಕಾರಿಗೂ ಬರುತ್ತದೆ. ಲಯಬಿಲಿಟಿಯೂ ಬರುತ್ತದೆ, ಕೊಲಿಷನ್ ಇದ್ದರೆ ಅದೂ ಬರುತ್ತದೆ, ಅದೇ ಡಿಡಕ್ಟಬಲ್ ಜೊತೆ. ನಯಾಗರಕ್ಕೆ ಹೋಗಿ ಕೆನಡಾ ಕಡೆಯಿಂದ ನೋಡಿ ಬರೋಣ ಅಂದರೂ ಸಾಮಾನ್ಯವಾಗಿ ನಡೆಯುತ್ತದೆ, ಬಾಡಿಗೆ ಕಂಪನಿ ಗಡಿ ದಾಟಲು ಒಪ್ಪಿರಬೇಕು. ಮೆಕ್ಸಿಕೊಗೆ ನಡೆಯುವುದಿಲ್ಲ. ಸ್ಯಾನ್ ಡಿಯಾಗೊದಿಂದ ಟಿಹ್ವಾನಾಗೆ ಕಾರಿನಲ್ಲಿ ಹೋಗುವುದಾದರೆ ಮೆಕ್ಸಿಕೊದ ಲಯಬಿಲಿಟಿ ಬೇರೆ ತಗೊಳ್ಳಲೇಬೇಕು.

ಪಾಲಿಸಿಯ ಕೊರತೆ ಏನು ಅಂತ ನನ್ನ ಕಥೆಯಲ್ಲೇ ನೋಡಿದಿರಿ: ಡಿಡಕ್ಟಬಲ್, ಬಾಡಿಗೆ ನಷ್ಟ, ಆಮೇಲೆ ಕ್ಲೇಮ್ ಮಾಡಿದ್ದಕ್ಕೆ ಪ್ರೀಮಿಯಂ ಏರುವ ಸಾಧ್ಯತೆ. ಏಜೆಂಟ್‌ಗೆ ಫೋನ್ ಮಾಡಿದಾಗ "ಬಾಡಿಗೆ ಕಾರು ಕವರ್ ಆಗುತ್ತಾ" ಅಂತ ಸುಮ್ನೆ ಕೇಳಬೇಡಿ, ಆಗುತ್ತೆ ಅಂತಲೇ ಹೇಳುತ್ತಾರೆ. "ಲಾಸ್ ಆಫ್ ಯೂಸ್ ಕೊಡ್ತೀರಾ?" ಅಂತ ಕೇಳಿ.

ಕಾರ್ಡಿನ ವಿಷಯ. ಸೆಕೆಂಡರಿ ಅಂದರೆ ಮೊದಲು ನಿಮ್ಮ ಪಾಲಿಸಿ ಕೊಡಬೇಕು, ಉಳಿದದ್ದನ್ನು ಕಾರ್ಡ್ ಕೊಡುತ್ತದೆ. ಪ್ರೈಮರಿ ಅಂದರೆ ನಿಮ್ಮ ಪಾಲಿಸಿಗೆ ಸುದ್ದಿಯೇ ಹೋಗುವುದಿಲ್ಲ, ಕಾರ್ಡಿನವರೇ ಮೊದಲಿಂದ ನೋಡಿಕೊಳ್ಳುತ್ತಾರೆ. ಈ ವ್ಯತ್ಯಾಸಕ್ಕೆ ಬೆಲೆ ಇದೆ. ಸಿಯಾಟಲ್ ಆದ ಮೇಲೆ ನಾನು ಚೇಸ್ ಸಫೈರ್ ಪ್ರಿಫರ್ಡ್ ತಗೊಂಡೆ, ಅದರಲ್ಲಿ ಕವರ್ ಪ್ರೈಮರಿ, ವರ್ಷದ ಶುಲ್ಕ 95 ಡಾಲರ್. ಅಮೆರಿಕನ್ ಎಕ್ಸ್‌ಪ್ರೆಸ್ ಇರುವವರಿಗೆ ಇನ್ನೊಂದು ದಾರಿ ಇದೆ. ಪ್ರೀಮಿಯಂ ಕಾರ್ ರೆಂಟಲ್ ಪ್ರೊಟೆಕ್ಷನ್ ಅಂತ ಒಂದು ಯೋಜನೆಗೆ ಸೇರಿಕೊಂಡರೆ ದಿನದ ಲೆಕ್ಕ ಇಲ್ಲ, ಇಡೀ ಬಾಡಿಗೆಗೆ ಒಂದೇ ದರ, 25 ಡಾಲರ್ ಆಸುಪಾಸು. ಎರಡು ವಾರ ಸುತ್ತುವವರಿಗೆ, ಕೌಂಟರ್‌ನ 400 ಡಾಲರ್ ವೇವರ್ ಪಕ್ಕ ಇಟ್ಟು ನೋಡಿದರೆ, ಇದು ಬಹಳ ಅಗ್ಗ.

ಆದರೆ ಕಾರ್ಡಿನ ನಿಯಮಗಳು ಬಿಗಿ. ಇಡೀ ಬಾಡಿಗೆಯನ್ನು ಅದೇ ಕಾರ್ಡಿನಲ್ಲಿ ಕಟ್ಟಬೇಕು. ಕರಾರು ಕಾರ್ಡ್ ಇರುವವರ ಹೆಸರಿನಲ್ಲೇ ಇರಬೇಕು. ಕಂಪನಿಯ ವೇವರ್ ಬೇಡ ಅಂತ ಬರೆಸಿರಬೇಕು. ಎರಡೂ ಇರಲಿ ಅಂತ ವೇವರ್ ತಗೊಂಡರೆ ಕಾರ್ಡಿನ ಕವರ್ ಹೋಗುತ್ತದೆ. ಎಷ್ಟು ದಿನ ಅಂತ ಮಿತಿ ಇರುತ್ತದೆ, ಕೆಲವು ಕಾರ್ಡಿನಲ್ಲಿ ವಾಸವಿರುವ ದೇಶದೊಳಗೆ ಬರೀ 15 ದಿನ. ದೊಡ್ಡ ವ್ಯಾನು, ಟ್ರಕ್ಕು, ತೀರಾ ದುಬಾರಿ ಕಾರು ಸಾಮಾನ್ಯವಾಗಿ ಹೊರಗೆ. ಎರಡು ವರ್ಷಕ್ಕೊಮ್ಮೆ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ನಡೆಸುವ ಅಕ್ಕ ಸಮ್ಮೇಳನಕ್ಕೆ ಮೂರು ನಾಲ್ಕು ಮನೆಯವರು ಸೇರಿ 15 ಸೀಟಿನ ವ್ಯಾನ್ ಮಾಡಿಕೊಂಡು ಹೋಗುತ್ತಾರಲ್ಲ, ಅವರು ಇದನ್ನು ದಯವಿಟ್ಟು ಗಮನಿಸಿ. ಏಳು ಎಂಟು ಸೀಟಿನ ಮಿನಿವ್ಯಾನ್‌ಗೆ ಕವರ್ ಕೊಡುವ ಕಾರ್ಡ್ 15 ಸೀಟಿಗೆ ಕೊಡುವುದಿಲ್ಲ. ಅಂಥ ಗಾಡಿಗೆ ವೇವರ್ ತಗೊಳ್ಳಿ, ಖರ್ಚು ನಾಲ್ಕು ಮನೆಗೆ ಹಂಚಿಹೋಗುತ್ತದೆ.

ಇನ್ನೊಂದು, ಎಲ್ಲಕ್ಕಿಂತ ದೊಡ್ಡದು: ಕಾರ್ಡಿನ ಕವರ್ ಮೊದಲ ಬಾಬ್ತಿಗೆ ಮಾತ್ರ. ನೀವು ಗುದ್ದಿದ ಮನುಷ್ಯನಿಗೆ, ಅವನ ಕಾರಿಗೆ ಅದು ಒಂದು ಡಾಲರ್ ಕೂಡ ಕೊಡುವುದಿಲ್ಲ. "ನನ್ನ ಹತ್ತಿರ ಒಳ್ಳೇ ಕಾರ್ಡ್ ಇದೆ, ಎಲ್ಲಾ ಬೇಡ ಅಂದೆ" ಅಂತ ಸ್ವಂತ ಕಾರಿಲ್ಲದ ಸ್ನೇಹಿತರು ಹೇಳಿದಾಗ ನನಗೆ ನಿಜಕ್ಕೂ ಭಯ ಆಗುತ್ತದೆ.

ಎಸ್‌ಎಲ್‌ಐ: ಎಲ್ಲರೂ ದಾಟಿ ಹೋಗುವ ಸಾಲು

ಸಪ್ಲಿಮೆಂಟಲ್ ಲಯಬಿಲಿಟಿ ಇನ್ಶೂರೆನ್ಸ್. ಕೆಲವು ಕಂಪನಿಗಳಲ್ಲಿ ಎಲ್‌ಐಎಸ್ ಅನ್ನುತ್ತಾರೆ. ಎರಡನೇ ಬಾಬ್ತಿಗೆ ಸೇರಿದ್ದು. ನೀವು ಬೇರೆಯವರಿಗೆ ಮಾಡಿದ ಹಾನಿಗೆ ಕನಿಷ್ಠದ ಮಟ್ಟದಿಂದ ಮೇಲೆ 3 ಲಕ್ಷ ಡಾಲರ್‌ವರೆಗೆ, ಕೆಲವು ಕಡೆ 10 ಲಕ್ಷದವರೆಗೆ ಕವರ್. ದಿನಕ್ಕೆ 10ರಿಂದ 20 ಡಾಲರ್.

ಸ್ವಂತ ಪಾಲಿಸಿಯಲ್ಲಿ ಒಳ್ಳೇ ಲಯಬಿಲಿಟಿ ಇದ್ದವರಿಗೆ, ಒಬ್ಬರಿಗೆ ಒಂದು ಲಕ್ಷ, ಒಟ್ಟು ಮೂರು ಲಕ್ಷ ಅಂತಾದರೂ ಇದ್ದವರಿಗೆ, ಇದು ಬೇಡ. ಅದರ ಮೇಲೆ ಇನ್ನಷ್ಟು ಲಯಬಿಲಿಟಿ ಕೊಡುವ ಅಂಬ್ರೆಲಾ ಪಾಲಿಸಿ ಇದ್ದರೆ ಖಂಡಿತ ಬೇಡ. ಅಮೆರಿಕದಲ್ಲಿ ಯಾವ ಆಟೋ ಪಾಲಿಸಿಯೂ ಇಲ್ಲದವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಬಾಡಿಗೆಯ ಜೊತೆ ಬರುವುದು ಹೆಚ್ಚೆಂದರೆ ರಾಜ್ಯದ ಕನಿಷ್ಠ ಮೊತ್ತ, ಕೆಲವು ರಾಜ್ಯಗಳಲ್ಲಿ ಅದೂ ನಿಮ್ಮ ಹತ್ತಿರ ಬೇರೆ ಏನೂ ಇಲ್ಲದಿದ್ದಾಗ ಮಾತ್ರ.

ಯಾರಾದರೂ ನನಗೆ ಒಂದನ್ನೇ ತಗೊಳ್ಳುವಷ್ಟು ದುಡ್ಡಿದೆ, ವೇವರ್ ತಗೊಳ್ಳಲಾ ಎಸ್‌ಎಲ್‌ಐ ತಗೊಳ್ಳಲಾ ಅಂದರೆ ನಾನು ಎಸ್‌ಎಲ್‌ಐ ಅನ್ನುತ್ತೇನೆ. ಕಾರು ಪೂರ್ತಿ ಹಾಳಾದರೂ ನಷ್ಟ ಒಂದು ಕಾರಿನ ಬೆಲೆಗೆ ನಿಲ್ಲುತ್ತದೆ, ಮೂವತ್ತು ಮೂವತ್ತೈದು ಸಾವಿರ ಡಾಲರ್. ಅದೂ ಕಷ್ಟವೇ. ಒಬ್ಬ ಮನುಷ್ಯನ ಬೆನ್ನುಮೂಳೆಗೆ ಪೆಟ್ಟಾದರೆ ನಷ್ಟ ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು.

ಬುಕಿಂಗ್ ಸೈಟಿನ ಅಗ್ಗದ ಕವರ್

ಬುಕ್ ಮಾಡುವಾಗ ಕೊನೇ ಪುಟದಲ್ಲಿ ದಿನಕ್ಕೆ 10, 12 ಡಾಲರ್‌ಗೆ ಫುಲ್ ಪ್ರೊಟೆಕ್ಷನ್ ಅಂತ ಬರುತ್ತದೆ. ಇದನ್ನು ಮಾರುವುದು ಬೇರೆ ಇನ್ಶೂರೆನ್ಸ್ ಕಂಪನಿ, ಬಾಡಿಗೆ ಕಂಪನಿ ಅಲ್ಲ. ಹಾನಿಯಾದರೆ ಬಾಡಿಗೆ ಕಂಪನಿ ನಿಮ್ಮ ಕಾರ್ಡಿನಿಂದಲೇ ದುಡ್ಡು ಎಳೆಯುತ್ತದೆ, ನೀವು ಆಮೇಲೆ ಆ ಇನ್ಶೂರೆನ್ಸ್ ಕಂಪನಿಯಿಂದ ವಾಪಸ್ ಪಡೆಯಬೇಕು. ಕೌಂಟರ್‌ನಲ್ಲಿ ಇದನ್ನು ತೋರಿಸಿದರೆ "ಇದು ನಮ್ಮದಲ್ಲ" ಅನ್ನುತ್ತಾರೆ, ಅದು ನಿಜವೇ. ಹೆಸರು ಫುಲ್ ಅಂತಿದ್ದರೂ ಹೆಚ್ಚಿನವುಗಳಲ್ಲಿ ಇರುವುದು ಕಾರಿನ ಹಾನಿಗೆ ಮಾತ್ರ, ಲಯಬಿಲಿಟಿ ಇಲ್ಲ. ಕೈಯಲ್ಲಿ ಸ್ವಲ್ಪ ದುಡ್ಡು, ತಾಳ್ಮೆ ಎರಡೂ ಇದ್ದು, ಒಳ್ಳೇ ಕಾರ್ಡ್ ಇಲ್ಲದವರಿಗೆ ಇದು ಸರಿಯಾದ ದಾರಿ. ವೇವರ್‌ನ ಮೂರನೇ ಒಂದು ಭಾಗಕ್ಕೆ ಹೆಚ್ಚೂ ಕಡಿಮೆ ಅದೇ ರಕ್ಷಣೆ, ಓಡಾಟ ನಿಮ್ಮದು.

ಉಳಿದವು

ಪಿಎಐ ಅಂದರೆ ಕಾರಿನೊಳಗಿರುವವರ ಪೆಟ್ಟಿಗೆ, ಸಾವಿಗೆ ಕೊಡುವಂಥದ್ದು. ಚಿಕಿತ್ಸೆಗೆ ಕೊಡುವ ಮೊತ್ತ ಸಾಮಾನ್ಯವಾಗಿ ಕೆಲವೇ ಸಾವಿರ ಡಾಲರ್. ನಿಮಗೆ ಹೆಲ್ತ್ ಇನ್ಶೂರೆನ್ಸ್ ಇದ್ದರೆ, ಊರಿಂದ ಬಂದ ಹಿರಿಯರಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದರೆ, ಇದು ಬೇಡ. ಮಾಡಿಸಿಲ್ಲ ಅಂದರೆ ಪಿಎಐ ಅದಕ್ಕೆ ಬದಲಿ ಅಲ್ಲ. ಆ ದುಡ್ಡನ್ನು ಸರಿಯಾದ ವಿಸಿಟರ್ ಇನ್ಶೂರೆನ್ಸ್‌ಗೆ ಹಾಕಿ.

ಸಾಮಾನು ಕಳ್ಳತನದ ಕವರ್ ಕೂಡ ಹೆಚ್ಚಾಗಿ ಬೇಡ. ಮನೆಯ ಇಲ್ಲವೇ ಬಾಡಿಗೆ ಮನೆಯ ಇನ್ಶೂರೆನ್ಸ್ ಇದ್ದರೆ ಅದೇ ನೋಡಿಕೊಳ್ಳುತ್ತದೆ, ಡಿಡಕ್ಟಬಲ್ ಕಳೆದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಕಾರಿನ ಗಾಜು ಒಡೆದು ಬ್ಯಾಗ್ ಎತ್ತಿಕೊಂಡು ಹೋಗುವುದು ಇಲ್ಲಿರುವವರಿಗೆಲ್ಲ ಗೊತ್ತಿರುವ ಕಾಟ. ಒಡೆದ ಗಾಜು ಮೊದಲ ಬಾಬ್ತು, ಹೋದ ಬ್ಯಾಗ್ ಮೂರನೇ ಬಾಬ್ತು. ಪಾಸ್‌ಪೋರ್ಟ್ ಇರುವ ಬ್ಯಾಗ್ ಕಾರಿನಲ್ಲಿ ಬಿಡಲೇಬೇಡಿ, ಅದಕ್ಕೆ ಯಾವ ಕವರೂ ಪರಿಹಾರ ಅಲ್ಲ.

ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಕಾರು ಕೆಟ್ಟು ನಿಂತರೆ ಸಿಗುವ ನೆರವು, ದಿನಕ್ಕೆ ಆರೇಳು ಡಾಲರ್. ಇದೇ ನೆರವು ಕೊಡುವ ಎಎಎ ಅನ್ನುವ ವಾಹನ ಸವಾರರ ಸಂಘದ ಸದಸ್ಯರಿಗೆ ಬೇಡ. ಊರೊಳಗೆ ಸುತ್ತುವವರಿಗೂ ಬೇಡ. ಯೂಟಾ, ನೆವಾಡಾ ಕಡೆ ಫೋನ್ ಸಿಗ್ನಲ್ ಕೂಡ ಸಿಗದ ದಾರಿಗಳಲ್ಲಿ ಹೋಗುವವರು ಬೇಕಾದರೆ ತಗೊಳ್ಳಿ.

ಯಾರಿಗೆ ಯಾವುದು

ಇಲ್ಲೇ ನೆಲೆಸಿ, ಸ್ವಂತ ಕಾರಿಗೆ ಪೂರ್ತಿ ಕವರ್ ಇರುವವರು: ಎಸ್‌ಎಲ್‌ಐ ಬೇಡ, ವೇವರ್ ಬೇಡ, ಪ್ರೈಮರಿ ಕವರ್ ಇರುವ ಕಾರ್ಡಿನಲ್ಲಿ ಕಟ್ಟಿ. ಅಂಥ ಕಾರ್ಡ್ ಇಲ್ಲದೆ, ಡಿಡಕ್ಟಬಲ್ ಸಾವಿರ ಡಾಲರ್ ಇದ್ದು, ಹೋಗುವುದು ಎರಡೇ ದಿನಕ್ಕಾದರೆ, ಅರವತ್ತು ಡಾಲರ್ ವೇವರ್‌ಗೆ ಹಾಕಿದರೂ ತಪ್ಪಿಲ್ಲ.

ನ್ಯೂಯಾರ್ಕ್‌ನಂಥ ಊರಿನಲ್ಲಿದ್ದು ಕಾರೇ ಇಟ್ಟುಕೊಳ್ಳದವರು: ಆಗಾಗ ಬಾಡಿಗೆಗೆ ತಗೊಳ್ಳುವುದಾದರೆ ನಾನ್-ಓನರ್ ಪಾಲಿಸಿ ಕೇಳಿ ನೋಡಿ. ಕಾರಿಲ್ಲದವರಿಗೆ ಅಂತಲೇ ಇರುವ ಲಯಬಿಲಿಟಿ ಪಾಲಿಸಿ ಅದು. ಬಾಡಿಗೆ ಕಾರಿನ ಹಾನಿ ಅದರಲ್ಲಿ ಬರುವುದಿಲ್ಲ, ಅದಕ್ಕೆ ಪ್ರೈಮರಿ ಕಾರ್ಡ್ ಜೋಡಿಸಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಅಂದರೆ ಪ್ರತಿ ಸಲ ಎಸ್‌ಎಲ್‌ಐ ತಗೊಳ್ಳುವುದೇ ಅಗ್ಗ.

ಹೊಸದಾಗಿ ಬಂದಿಳಿದವರು, ವಿದ್ಯಾರ್ಥಿಗಳು: ಪಾಲಿಸಿ ಇಲ್ಲ, ಇಲ್ಲಿನ ಕಾರ್ಡೂ ಇಲ್ಲ. ಎಸ್‌ಎಲ್‌ಐ ಬೇಕೇ ಬೇಕು. ಕಾರಿಗೆ ವೇವರ್ ಇಲ್ಲವೇ ಸೈಟಿನ ಕವರ್, ಎರಡರಲ್ಲಿ ಒಂದು. 25 ವರ್ಷ ಆಗದವರಿಗೆ ದಿನದ ಲೆಕ್ಕದಲ್ಲಿ ಬೇರೆ ಶುಲ್ಕವೂ ಬೀಳುತ್ತದೆ, ಅದನ್ನೂ ಸೇರಿಸಿ ಬಜೆಟ್ ಮಾಡಿ. ದುಡ್ಡು ಸಾಲದಿದ್ದರೆ ಚಿಕ್ಕ ಕಾರು ತಗೊಳ್ಳಿ, ದಿನ ಕಡಿಮೆ ಮಾಡಿ, ಎಸ್‌ಎಲ್‌ಐ ಬಿಡಬೇಡಿ. ನಾಲ್ಕು ಜನ ಹುಡುಗರು ಸೇರಿ ಹೋದರೆ ಓಡಿಸುವವರೆಲ್ಲರ ಹೆಸರೂ ಕರಾರಿನಲ್ಲಿರಲಿ. ರಾತ್ರಿ ಒಬ್ಬನಿಗೆ ನಿದ್ದೆ ಬಂತು ಅಂತ ಇನ್ನೊಬ್ಬ ಓಡಿಸುವುದು ಸಹಜ, ಅವನ ಹೆಸರು ಇಲ್ಲದಿದ್ದರೆ ತಗೊಂಡ ಕವರ್ ಎಲ್ಲಾ ವ್ಯರ್ಥ.

ಕರ್ನಾಟಕದಿಂದ ಪ್ರವಾಸಕ್ಕೆ ಬರುವವರು: ನಿಮ್ಮ ಊರಿನ ಕಾರಿನ ಪಾಲಿಸಿ ಇಲ್ಲಿಗೆ ನಡೆಯುವುದಿಲ್ಲ. ಬುಕ್ ಮಾಡುವಾಗ ವಾಸ ಭಾರತ ಅಂತ ಸರಿಯಾಗಿ ಆರಿಸಿ, ಆಗ ಕೆಲವು ಕಂಪನಿ, ಏಜೆನ್ಸಿಗಳಲ್ಲಿ ವೇವರ್ ಮತ್ತು ಲಯಬಿಲಿಟಿ ಎರಡೂ ಸೇರಿದ ಒಟ್ಟು ದರ ಸಿಗುತ್ತದೆ. ಕೌಂಟರ್‌ನಲ್ಲಿ ಬೇರೆ ಬೇರೆ ತಗೊಳ್ಳುವುದಕ್ಕಿಂತ ಹೆಚ್ಚಿನ ಸಲ ಅದು ಕಡಿಮೆ ಬೀಳುತ್ತದೆ. ಇಲ್ಲೇ ವಾಸ ಇರುವವರು ಆ ದರಕ್ಕೆ ಆಸೆಪಟ್ಟು ಭಾರತ ಅಂತ ಆರಿಸಬೇಡಿ, ಕ್ಲೇಮ್ ಸಮಯದಲ್ಲಿ ಅದೇ ಉರುಳಾಗುತ್ತದೆ. ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು, ಮೂಲ ಲೈಸೆನ್ಸ್ ಜೊತೆಗೇ ತನ್ನಿ.

ಟುರೋ ಥರದ ಆಪ್‌ನಲ್ಲಿ ಯಾರದೋ ಸ್ವಂತ ಕಾರು ತಗೊಳ್ಳುವವರಿಗೆ ಮೇಲಿನ ಲೆಕ್ಕ ಹಾಗೇ ಹೊಂದುವುದಿಲ್ಲ. ಹೆಚ್ಚಿನ ಕಾರ್ಡುಗಳು ಅದನ್ನು ಬಾಡಿಗೆ ಕಾರು ಅಂತಲೇ ಒಪ್ಪುವುದಿಲ್ಲ, ಕೆಲವು ಪಾಲಿಸಿಗಳೂ ಹಾಗೇ. ಅಲ್ಲಿ ಆಪ್ ಕೊಡುವ ಯೋಜನೆಗಳಲ್ಲೇ ಒಂದನ್ನು ಆರಿಸಿ. ಯುರೋಪಿನ ಕಥೆಯೂ ಬೇರೆ, ಅಲ್ಲಿ ಥರ್ಡ್ ಪಾರ್ಟಿ ಕವರ್ ಬಾಡಿಗೆಯಲ್ಲೇ ಸೇರಿರುತ್ತದೆ, ತಲೆನೋವು ಇರುವುದು ಕಾರಿನ ಹಾನಿಗೆ ನಿಮ್ಮ ಪಾಲಿನ ಮೊತ್ತದ್ದು.

ತಂಗಿಯ ಗಂಡನಿಗೆ ಅವತ್ತು ಹೇಳಿದ್ದು ಇಷ್ಟೇ. 32 ಡಾಲರ್ ವೇವರ್, 16 ಡಾಲರ್ ಎಸ್‌ಎಲ್‌ಐ ತಗೊಳ್ಳಿ. 8 ಡಾಲರ್ ಪಿಎಐ, 7 ಡಾಲರ್ ರೋಡ್‌ಸೈಡ್ ಬೇಡ ಅನ್ನಿ. ದಿನಕ್ಕೆ 90 ಆಯಿತು. ಬೆಂಗಳೂರಿನಲ್ಲೇ ಒಟ್ಟು ದರದಲ್ಲಿ ಬುಕ್ ಮಾಡಿದ್ದರೆ ಇನ್ನೂ ಕಡಿಮೆ ಆಗುತ್ತಿತ್ತು, ಆದರೆ ಅಷ್ಟು ಹೊತ್ತಿಗೆ ಆ ದಾರಿ ಮುಚ್ಚಿತ್ತು.

ಕೌಂಟರ್‌ನಲ್ಲಿ ಸಹಿ ಹಾಕುವ ಪುಟ್ಟ ಸ್ಕ್ರೀನ್ ಇರುತ್ತದೆ. ಇಲ್ಲಿ ಒಂದು, ಇಲ್ಲಿ ಒಂದು ಅಂತ ಬೆರಳು ತೋರಿಸುತ್ತಾ ಹೋಗುತ್ತಾರೆ, ಸುಸ್ತಾದವರು ಒತ್ತುತ್ತಾ ಹೋಗುತ್ತಾರೆ. ಪ್ರತಿ ಪೆಟ್ಟಿಗೆಯ ಪಕ್ಕ "ಒಪ್ಪಿದ್ದೇನೆ", "ಬೇಡ" ಅಂತ ಇರುತ್ತದೆ, ಒಂದೊಂದನ್ನೂ ಓದಿ. ನಮ್ಮವರು ಫೋನ್ ಕಟ್ ಮಾಡದೆ ಒಂದೊಂದೇ ಸಾಲು ನನಗೆ ಓದಿ ಹೇಳಿದರು, ಬೇಡ ಅಂದಿದ್ದ ರೋಡ್‌ಸೈಡ್ ಅದರಲ್ಲಿ ಇನ್ನೂ ಇತ್ತು, ತೆಗೆಸಿದೆವು. ಆಮೇಲೆ ಪಾರ್ಕಿಂಗ್‌ನಲ್ಲಿ ಕಾರಿನ ಸುತ್ತ ಒಂದು ಸುತ್ತು ವಿಡಿಯೋ ಮಾಡಿಸಿದೆ: ನಾಲ್ಕು ಚಕ್ರದ ರಿಮ್, ಮುಂದಿನ ಗಾಜು, ಬಂಪರಿನ ಕೆಳಗೆ, ಕೊನೆಗೆ ಡ್ಯಾಶ್‌ಬೋರ್ಡಿನ ಮೈಲಿ ಮತ್ತು ಪೆಟ್ರೋಲ್ ಮುಳ್ಳು. ಎಡಗಡೆ ಹಿಂದಿನ ರಿಮ್ ಮೇಲೆ ಹಳೇ ಗೀರು ಸಿಕ್ಕಿತು. ಗೇಟ್ ದಾಟುವ ಮೊದಲೇ ಅದನ್ನು ಕರಾರಿನ ಹಾಳೆ ಮೇಲೆ ಬರೆಸಿಕೊಂಡರು.